ಅಮಾವಾಸ್ಯೆಯ ರಜೆ, ಅಷ್ಟಮಿಯ ಕಡಲು

ನಮ್ಮ ಬೀದಿಗೆ ಅಮಾವಾಸ್ಯೆ ಬಂದದ್ದು ಕಣ್ಣಿಗಲ್ಲ, ಕಿವಿಗೆ ಗೊತ್ತಾಗುತ್ತದೆ. ಮಿಕ್ಕ ದಿನಗಳಲ್ಲಿ ಇಲ್ಲಿ ಮನೆಮನೆಯ ಮುಂದಿನ ಕೋಣೆಯಲ್ಲೂ ಮಗ್ಗ ಓಡುತ್ತಿರುತ್ತದೆ. ಆ ಸದ್ದಿನೊಳಗೇ ನಾವು ಹಾಲು ಕಾಯಿಸುತ್ತೇವೆ, ಮಕ್ಕಳನ್ನು ಗದರಿಸುತ್ತೇವೆ, ಫೋನಿನಲ್ಲಿ ಕಿರುಚಿ ಮಾತಾಡಿ, ಆ ಕಡೆಯವರಿಂದ ‘ಯಾಕ್ರೀ ಜಗಳ?’ ಎಂದು ಕೇಳಿಸಿಕೊಳ್ಳುತ್ತೇವೆ. ಹೊಸಕೋಟೆಯಿಂದ ಬರುವ ನನ್ನ ತಂಗಿಗೆ ನಮ್ಮ ಮನೆಯಲ್ಲಿ ಸದ್ದಿಗೆ ನಿದ್ದೆ ಬಾರದು. ಅವಳ ಮನೆಗೆ ಹೋದರೆ ನನಗೆ ನಿಶ್ಶಬ್ದಕ್ಕೆ ನಿದ್ದೆ ಬಾರದು. ಅಮಾವಾಸ್ಯೆಯ ದಿನ ಮಾತ್ರ ಬೀದಿಯ ಮಗ್ಗಗಳೆಲ್ಲ ಬಿಡುವು ಪಡೆಯುತ್ತವೆ. ಆಗ ಪಕ್ಕದ ಮನೆಯ ಕುಕ್ಕರಿನ ಕೂಗು, ದೇವನಹಳ್ಳಿಯ ಕಡೆಗೆ ಇಳಿಯುವ ವಿಮಾನದ ಗುಡುಗು, ಯಾರದೋ ಮನೆಯ ದಾಂಪತ್ಯದ ಸತ್ಯಾಂಶಗಳು ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತವೆ.

ಇಪ್ಪತ್ತು ವರ್ಷ ನಾನು ಈ ಮೌನವನ್ನು ಪ್ರೀತಿಸಿದ್ದೆ. ಈಗೀಗ ಅದು ಬಂದಾಗ ನಾಚಿಕೆಯಾಗುತ್ತದೆ. ಮೌನಕ್ಕೂ ನಾಚಿಕೆಗೂ ಎಲ್ಲಿಯ ಸಂಬಂಧವೆಂದು ನೀವು ಕೇಳಬಹುದು. ನಡುವೆ ಒಂದು ದೋಣಿಯಿದೆ.

ನಾನು ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನದಿಯೆಂದರೆ ನಕಾಶೆಯ ನೀಲಿಗೆರೆ, ಕಡಲೆಂದರೆ ನಕಾಶೆಯ ಎಡಗಡೆ ಎಂದು ತಿಳಿದು ಬೆಳೆದ ಬಯಲುಸೀಮೆಯ ಭೂಗೋಳಪಂಡಿತೆ. ಎದುರುಮನೆಯ ಮಂಗಳಕ್ಕ ಮತ್ತು ಅವರ ಯಜಮಾನರಾದ ಗಂಗಣ್ಣ ಎರಡು ಮಗ್ಗಗಳ ಒಡೆಯರು, ಅವುಗಳ ಆಳುಗಳೂ ಅವರೇ. ಮಂಗಳಕ್ಕ ನೇಯುವ ಸೀರೆಯ ಸೆರಗಿನಲ್ಲಿ ಒಂದು ದೋಣಿ ಬುಟ್ಟಾ ಬರುತ್ತದೆ: ಬಾಗಿದ ತಳ, ಮೊನಚು ಮೂತಿ, ಮೇಲೊಂದು ಪುಟ್ಟ ಪಟ. ಯಾವುದೋ ಕಾಲದಲ್ಲಿ ಯಾರೋ ಬರೆದುಕೊಟ್ಟ ನಮೂನೆ. ತೂತು ಕೊರೆದ ರಟ್ಟಿನ ಅಟ್ಟೆಗಳ ಸರವಾಗಿ ಮಗ್ಗದ ಮೇಲೆ ತೂಗಾಡುತ್ತ, ವರ್ಷಗಳಿಂದ ಅದೇ ದೋಣಿಯನ್ನು ಬಟ್ಟೆಗೆ ಇಳಿಸುತ್ತಿದೆ. ಒಂದು ಸಂಜೆ ನಮ್ಮ ಜಗುಲಿಯಲ್ಲಿ ಕೂತು ಮಂಗಳಕ್ಕ ಅಂದರು: “ಎಷ್ಟ್ ಸಾವ್ರ ದೋಣಿ ನೇಯ್ದಿದೀನೋ ಟೀಚರಮ್ಮ, ಒಂದ್ರಲ್ಲೂ ಕೂತಿಲ್ಲ ನೋಡಿ.”

ಆ ಮಾತು ನನ್ನೊಳಗಿನ ಮೇಷ್ಟರಿಕೆಯನ್ನು ಎಬ್ಬಿಸಿತು. ಕೂರಿಸುತ್ತೇನೆ ಎಂದೆ. ಸುಮ್ಮನೆ ಕೆರೆಯ ತೆಪ್ಪದಲ್ಲಲ್ಲ, ಕಡಲ ದೋಣಿಯಲ್ಲೇ. ಒಂದು ನದಿಯ ಮುಖದಿಂದ ಹೊರಟು, ದಡದ ಗುಂಟ ಸಾಗಿ, ಎದುರಿನ ಪುಟ್ಟ ದ್ವೀಪ ಮುಟ್ಟಿ ಬರುವ ಯಾನ. ಅದನ್ನು ನಾನೇ ಯೋಜಿಸುತ್ತೇನೆ, ಸುರಕ್ಷಿತವಾಗಿ, ವೈಜ್ಞಾನಿಕವಾಗಿ. ಆ ಎರಡು ಕ್ರಿಯಾವಿಶೇಷಣಗಳನ್ನು ನಾನು ಉಚ್ಚರಿಸಿದ ರೀತಿ ಈಗಲೂ ನೆನಪಿದೆ. ನೆನಪಾದಾಗಲೆಲ್ಲ ಸೆರಗು ಬಾಯಿಗೆ ಹೋಗುತ್ತದೆ.

ಯೋಜನೆಯೆಂದರೆ ಎಂಥ ಯೋಜನೆ! ಫೋನಿಗೆ ಹವಾಮಾನದ ಮೂರು ಆ್ಯಪ್‌ಗಳನ್ನು ಇಳಿಸಿಕೊಂಡೆ. ಒಂದರಲ್ಲಿ ಗಾಳಿ ಬಾಣಗಳಾಗಿ ಹಾರುತ್ತಿತ್ತು, ಇನ್ನೊಂದರಲ್ಲಿ ಅಲೆಯ ಎತ್ತರ ಹಸಿರು, ಹಳದಿ, ಕೆಂಪಾಗಿ ಮಿನುಗುತ್ತಿತ್ತು, ಮೂರನೆಯದು ಮಿಕ್ಕೆರಡನ್ನೂ ಅಲ್ಲಗಳೆಯುತ್ತಿತ್ತು. ಗಂಗಣ್ಣನ ಮನೆಯಲ್ಲಿ, ಮಗ್ಗದ ಸದ್ದಿನ ಮೇಲೆ ದನಿಯೇರಿಸಿ, ನಾನು ಮುಂಗಾರು ಮುಗಿದ ಮೇಲಿನ ಕಡಲಿನ ಸ್ವಭಾವದ ಬಗ್ಗೆ ಉಪನ್ಯಾಸ ಮಾಡಿದೆ. ತಲೆಗೊಂದು ತೇಲುವ ಜಾಕೆಟ್ ಇರಲೇಬೇಕೆಂದೆ. ವಾಂತಿಯ ಮಾತ್ರೆ ಯಾವಾಗ ನುಂಗಬೇಕೆಂದು ವಿಧಿಸಿದೆ. ಗಂಗಣ್ಣ ಬೀಡಿ ಆರಿಸಿ ಕೇಳಿದ: “ದೋಣಿ ಹತ್ತೋಕಾ ಟೀಚರಮ್ಮ, ರಾಕೆಟ್ ಹತ್ತೋಕಾ?”

ಇನ್ನು ದಿನ. ಮಗ್ಗದವರಿಗೆ ತಿರುಗಾಟ, ಹೆಣ್ಣು ನೋಡುವ ಶಾಸ್ತ್ರ, ಹಲ್ಲು ಕೀಳಿಸುವುದು ಎಲ್ಲವೂ ಅಮಾವಾಸ್ಯೆಗೇ. ಬೇರೆ ದಿನ ಓಡುವ ಮಗ್ಗ ನಿಲ್ಲಿಸುವುದೆಂದರೆ ಒಲೆಯ ಮೇಲೆ ಹಾಲಿಟ್ಟು ಬಾಗಿಲು ಹಾಕಿಕೊಂಡು ಹೋದ ಹಾಗೆ. ಆದ್ದರಿಂದ ದೋಣಿಯ ದಿನವನ್ನು ಯಾರೂ ಆರಿಸಲಿಲ್ಲ. ಮನೆಯ ಗೋಡೆಯ ಹಾಗೆ ಅದು ಮೊದಲೇ ಅಲ್ಲಿತ್ತು. ಮೊದಲು ಗೊತ್ತುಮಾಡಿದ್ದ ಅಮಾವಾಸ್ಯೆಗೆ ಮೂರೂ ಆ್ಯಪ್‌ಗಳು ಒಮ್ಮತದಿಂದ ಕೆಂಪಗಾದವು. ನಾನು ಗಂಭೀರಳಾಗಿ, ಜೀವಕ್ಕಿಂತ ಪ್ರವಾಸ ದೊಡ್ಡದಲ್ಲವೆಂದು ಸಾರಿ, ಯಾನವನ್ನು ಮುಂದೂಡಿದೆ. ಯಾವತ್ತಿಗೆ? ಮುಂದಿನ ಅಮಾವಾಸ್ಯೆಗೆ, ಸಂಕ್ರಾಂತಿ ಕಳೆದ ಮೇಲಿನದಕ್ಕೆ. ಓದುಗ ಮಿತ್ರರೇ, ನಿಮ್ಮಲ್ಲಿ ಕರಾವಳಿಯವರಿದ್ದರೆ ಇಷ್ಟು ಹೊತ್ತಿಗೆ ನಕ್ಕಿರುತ್ತೀರಿ, ಇಲ್ಲವೇ ಬೆವೆತಿರುತ್ತೀರಿ.

ನಮ್ಮನ್ನು ಕರೆದೊಯ್ಯಬೇಕಿದ್ದ ದೋಣಿಯ ಶೇಖರಣ್ಣ ನಗಲಿಲ್ಲ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: “ಅಮಾಸೆ ದಿನ ಬೇಡ ಮೇಡಂ. ಅಳಿವೆಯಲ್ಲಿ ನೀರಿನ ಸೆಳೆತ ಜೋರುಂಟು. ಒಂದು ವಾರ ಬಿಟ್ಟು ಬನ್ನಿ.” ಅವತ್ತು ಬಿಟ್ಟರೆ ಇವರಿಗೆ ರಜೆಯೇ ಇಲ್ಲ ಎಂದೆ. ಅವರು, “ಹಾಗಾದ್ರೆ ಬೆಳಿಗ್ಗೆ ಏಳಕ್ಕೆ ಹೊರಡುವ. ಹತ್ತೂವರೆಯೊಳಗೆ ವಾಪಸ್ ಆಗ್ಬೇಕು, ಆಯ್ತಾ?” ಎಂದರು. ಫೋನಿಟ್ಟವಳು ನಾನು ಎದುರಿಗಿದ್ದವರಿಗೆ ವ್ಯಾಖ್ಯಾನ ಮಾಡಿದೆ: ರೇಟು ಏರಿಸುವುದಕ್ಕೆ ಹೀಗೆಲ್ಲ ಹೇಳುತ್ತಾರೆ. ವಿಮಾನ ನಿಲ್ದಾಣಕ್ಕೆ ಕ್ಯಾಬ್ ಕರೆದಾಗ ‘ಮಳೆ ಇದೆ ಮೇಡಂ, ಟ್ರಾಫಿಕ್ ಇದೆ ಮೇಡಂ’ ಎಂಬ ರಾಗ ಕೇಳಿ ಕೇಳಿ ಪಳಗಿದ ಕಿವಿ ನನ್ನದು. ನಾನು ಟೀಚರಮ್ಮನಾದ್ದರಿಂದ ಗಂಡಹೆಂಡಿರಿಬ್ಬರೂ ತಲೆದೂಗಿದರು.

ಅದೇ ವಾರ, ಒಂಬತ್ತನೆಯ ತರಗತಿಯ ಹಲಗೆಯ ಮೇಲೆ, ನಾನು ಪ್ರತಿವರ್ಷ ಬರೆಯುವ ಚಿತ್ರವನ್ನು ಬರೆದೆ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯನ ಎಳೆತವೂ ಚಂದ್ರನ ಎಳೆತವೂ ಕೂಡಿಕೊಳ್ಳುವುದರಿಂದ ಕಡಲು ಅತಿ ಹೆಚ್ಚು ಉಬ್ಬಿ ಅತಿ ಹೆಚ್ಚು ಇಳಿಯುತ್ತದೆ. ನೀರು ಅತಿ ಜೋರಾಗಿ ಒಳಹರಿದು ಅತಿ ಜೋರಾಗಿ ಹೊರಹರಿಯುತ್ತದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಇದ್ನ ತಿಳ್ಕೊಂಡು ನಮ್ಮೂರ್ನೋರಿಗೆ ಏನ್ ಉಪ್ಯೋಗ?” ಎಂದು ಕೇಳಿದಳು. “ಪರೀಕ್ಷೆಗೆ ಬರುತ್ತೆ” ಎಂದೆ. ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮನೆಗೆ ಬಂದು, ಗಾಳಿಯ ಬಾಣಗಳು ಹಸಿರಾಗಿವೆಯೇ ಎಂದು ನೋಡಿದೆ.

ಮುಂದಿನದನ್ನು ನಾನು ನಿಧಾನವಾಗಿ ಹೇಳಬೇಕು. ಅವಸರಿಸಿದರೆ ನನ್ನ ಪಾಲು ಕಡಿಮೆಯಾಗಿ ಕಾಣುವ ಅಪಾಯವಿದೆ.

ಅಮಾವಾಸ್ಯೆಯ ದಿನ ಮಗ್ಗಕ್ಕೆ ಪೂಜೆಯಾಗದೆ ಗಂಗಣ್ಣ ನೀರು ಮುಟ್ಟುವವನಲ್ಲ. ಮಗ್ಗವನ್ನು ಹೊತ್ತು ತರಲಾಗದೆ, ಅವನು ಅದರ ಲಾಳಿಯನ್ನು, ಎಂದರೆ ಹಾಸಿನ ಎಳೆಗಳ ನಡುವೆ ಆಚೀಚೆ ಓಡಿ ನೂಲು ಹಾಯಿಸುವ ಆ ಮರದ ತುಂಡನ್ನು, ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಕಡಲ ದಡದ ಊರಿನಲ್ಲಿ ಬಸ್ಸಿಳಿದು ಹಿಡಿದ ಲಾಡ್ಜಿನ ಮೇಜಿನ ಮೇಲೆ ಲಾಳಿಗೆ ಸ್ನಾನವಾಯಿತು, ಅರಿಸಿನ ಕುಂಕುಮವಾಯಿತು, ಕರ್ಪೂರಕ್ಕೆ ಹೆದರಿ ಲಾಡ್ಜಿನವರು ಬಾಗಿಲು ಬಡಿದದ್ದಾಯಿತು, ಅವರಿಗೂ ತೀರ್ಥಪ್ರಸಾದವಾಯಿತು. ಆಮೇಲೆ ಇಡ್ಲಿ. ನಾವು ದೋಣಿ ಹತ್ತುವ ಜೆಟ್ಟಿ ಮುಟ್ಟಿದಾಗ ಹತ್ತು ಹೊಡೆದಿತ್ತು. ನಮ್ಮ ಜೊತೆ ಬಂದಿದ್ದ ನನ್ನ ಯಜಮಾನರು ಬಸ್ಸಿನಲ್ಲೇ ವಾಂತಿ ಮಾಡಿಕೊಂಡು ಕಡಲಿನ ಮೇಲಿನ ಆಸೆಯನ್ನು ತೊರೆದು ಲಾಡ್ಜಿನಲ್ಲೇ ಮಲಗಿದ್ದರು. ಹೊರಟವರು ನಾವು ಮೂವರೇ.

ಶೇಖರಣ್ಣ ನೀರನ್ನು ನೋಡುತ್ತ ನಿಂತಿದ್ದರು. “ತಡ ಆಯ್ತು. ಹೋಗುವುದಾದ್ರೆ ಕಾಲಿಟ್ಟು ಕೂಡ್ಲೇ ತಿರುಗುವ. ಇಲ್ಲಾಂದ್ರೆ ಸಂಜೆಗೆ ನೀರು ತಿರುಗುವವರೆಗೆ ದ್ವೀಪದಲ್ಲೇ ಕೂರ್ಬೇಕು” ಎಂದರು. ನಾನು ಫೋನು ಮುಂದೆ ಹಿಡಿದು, ಸಂಜೆಯವರೆಗೂ ಹಸಿರಿದೆ ನೋಡಿ ಎಂದೆ. ಅವರು ಫೋನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹಗ್ಗ ಬಿಚ್ಚಿದರು.

ಹೋಗುವಾಗ ಕಡಲು ಎಣ್ಣೆ ಹಚ್ಚಿ ಬಾಚಿದ ತಲೆಯಂತಿತ್ತು. ಉಬ್ಬರ ತುಂಬಿ, ನೀರು ಒಳಕ್ಕೂ ಹರಿಯದೆ ಹೊರಕ್ಕೂ ಹರಿಯದೆ ನಿಲ್ಲುವ ಸ್ವಲ್ಪ ಹೊತ್ತು ಅದೆಂದು ನನಗೆ ಹೊಳೆಯಲಿಲ್ಲ. ನನ್ನ ಯೋಜನೆಯ ಫಲವೆಂದುಕೊಂಡೆ. ಮಂಗಳಕ್ಕ ದೋಣಿಯ ಮುಂಭಾಗದ ಬಾಗನ್ನು ಅಂಗೈಯಿಂದ ಸವರಿ ಸವರಿ ನೋಡಿದರು. “ಮೂತಿ ಇಷ್ಟ್ ಮೇಲಕ್ ಏಳ್ಬೇಕು ಕಣ್ರೀ. ನಮ್ ಬುಟ್ಟಾದಲ್ಲಿ ತಪ್ಪಾಗ್ ಹಾಕವ್ರೆ. ಅಂಥ ದೋಣಿ ಬಿಟ್ರೆ ಮುಳುಗೇ ಹೋಯ್ತದೆ” ಎಂದು ಗಂಡನಿಗೆ ಹೇಳಿದರು. “ಸೀರೆ ಮೇಲೆ ತಾನೇ ಬಿಡೋದು, ಬಿಡು” ಎಂದ ಗಂಗಣ್ಣ. ಅಷ್ಟು ಸಂತೋಷವಾಗಿ ಅವರಿಬ್ಬರನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ದ್ವೀಪದಲ್ಲಿ ಶೇಖರಣ್ಣ ಎರಡು ಸಲ ಕರೆದರು. ಎರಡು ಸಲವೂ, ಇನ್ನೊಂದು ಸ್ವಲ್ಪ ಹೊತ್ತು ಎಂದವಳು ನಾನು. ಮಂಗಳಕ್ಕ ಕಪ್ಪೆಚಿಪ್ಪು ಆರಿಸುತ್ತಿದ್ದರು. ಶಾಲೆಯ ಮಕ್ಕಳಿಗೆ ಆಟದ ಬಿಡುವು ವಿಸ್ತರಿಸುವ ಔದಾರ್ಯದಲ್ಲಿ ನಾನು ಕಡಲಿಗೂ ಬಿಡುವು ವಿಸ್ತರಿಸಿದೆ. ಒಂದು ಗಂಟೆಗೂ ಮೇಲಾಯಿತು.

ವಾಪಸ್ಸು ಬರುವಾಗ ಗಾಳಿ ಎದ್ದಿತ್ತು. ಆ್ಯಪ್ ಹೇಳಿದ್ದಷ್ಟೇ, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಆ್ಯಪ್ ಸರಿಯಿತ್ತು. ನನ್ನ ಹಲಗೆಯ ಚಿತ್ರವೂ ಸರಿಯಿತ್ತು. ಅಳಿವೆ, ಎಂದರೆ ನದಿ ಕಡಲನ್ನು ಕೂಡುವ ಆ ಕಿರಿದಾದ ಬಾಯಿ, ಹತ್ತಿರವಾದಾಗ ಎರಡೂ ಒಟ್ಟಿಗೆ ಕಂಡವು. ಉಬ್ಬರದ ನೀರಷ್ಟೂ ನದಿಯಿಂದ ಹೊರಕ್ಕೆ ನುಗ್ಗುತ್ತಿತ್ತು. ಗಾಳಿ ಮತ್ತು ಅಲೆ ಅದಕ್ಕೆದುರಾಗಿ ಒಳಕ್ಕೆ ನುಗ್ಗುತ್ತಿದ್ದವು. ಎರಡೂ ಸಂಧಿಸಿದಲ್ಲಿ ನೀರು ಮುಂದೆಯೂ ಹೋಗದೆ ಹಿಂದೆಯೂ ಹೋಗದೆ ಎದ್ದು ನಿಲ್ಲುತ್ತಿತ್ತು. ಶೇಖರಣ್ಣ ಹೊರಗೇ ಎಂಜಿನ್ ತಗ್ಗಿಸಿ ಬಹಳ ಹೊತ್ತು ನೋಡಿದರು. “ಕೆಳಗೆ ಕೂತ್ಕೊಳ್ಳಿ” ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ನಾನು ಅದನ್ನು ತರಗತಿಯ ದನಿಯಲ್ಲಿ ಎಲ್ಲರಿಗೂ ಕೂಗಿದೆ. ಆ ಇಡೀ ಯಾನಕ್ಕೆ ನನ್ನಿಂದಾದ ಉಪಕಾರ ಅದೊಂದು ಪ್ರತಿಧ್ವನಿ.

ದೋಣಿ ಎದ್ದಿತು, ಬಿದ್ದಿತು, ಮತ್ತೆ ಎದ್ದಾಗ ಹಿಂದಿನಿಂದ ನೀರು ಬಂದು ನಮ್ಮ ತೊಡೆಯವರೆಗೆ ತುಂಬಿತು. ಗಂಗಣ್ಣ ಲಾಳಿಯ ಗಂಟನ್ನು ಎದೆಗವಚಿಕೊಂಡಿದ್ದ. ಮಂಗಳಕ್ಕ ಕಣ್ಣು ಮುಚ್ಚಿರಲಿಲ್ಲ. ಮೂರನೆಯ ಅಲೆಯ ಬೆನ್ನೇರಿ ನಾವು ಒಳಗೆ ಬಂದೆವು. ಎಲ್ಲ ಮುಗಿಯಿತೆಂದು ನಾನು ನಕ್ಕೆ. ನಕ್ಕದ್ದು ನನಗೆ ನೆನಪಿದೆ. ಜೆಟ್ಟಿಯ ಕಂಬದ ಬಳಿ ಇಳಿಯುವ ನೀರಿನ ಸೆಳೆತ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ಕಂಬದತ್ತ ತಳ್ಳಿತು. ಮಂಗಳಕ್ಕ ಅದನ್ನು ತಡೆಯಲು ಬಲಗೈ ಚಾಚಿದರು. ಓಡುವ ಮಗ್ಗವನ್ನು ಒಂದೇ ಕೈಯಲ್ಲಿ ನಿಲ್ಲಿಸಿ ರೂಢಿಯಾದ ಕೈ ಅದು. ಯೋಚಿಸುವ ಮೊದಲೇ ಮುಂದೆ ಹೋಗಿತ್ತು. ಕಂಬಕ್ಕೂ ದೋಣಿಯ ಅಂಚಿಗೂ ನಡುವೆ ಅವರ ತೋರುಬೆರಳು, ನಡುಬೆರಳು ಸಿಕ್ಕಿದವು. ಅವರು ಕೂಗಲಿಲ್ಲ. ಆದರೆ ಸದ್ದಾಯಿತು. ನಾನು ಪಕ್ಕದಲ್ಲೇ ಇದ್ದೆ.

ನೇಯುವವರ ಆ ಎರಡು ಬೆರಳುಗಳ ಕೆಲಸ ಹೊರಗಿನವರಿಗೆ ತಿಳಿಯದು. ಕೂದಲಿಗಿಂತ ತೆಳುವಾದ ಎಳೆ ಕಡಿದಾಗ ಮಗ್ಗ ನಿಲ್ಲಿಸಿ, ಹೆಬ್ಬೆರಳಿನ ಮೇಲೆ ಆ ಎರಡನ್ನೂ ಉಜ್ಜಿ, ಕಣ್ಣಿಗೆ ಕಾಣದ ಗಂಟು ಹಾಕಬೇಕು. ಮೂಳೆ ಕೂಡಿಕೊಂಡಿತು, ಪಟ್ಟಿ ಬಿಚ್ಚಿದರು. ತೋರುಬೆರಳು ಮಾತ್ರ ಮೊದಲಿನಂತೆ ಬಾಗಲಿಲ್ಲ. ನಮ್ಮ ಮನೆಯೊಳಗೆ ಕೂತರೆ ನನಗೆ ಅದು ಕೇಳಿಸುತ್ತದೆ. ಹಿಂದೆ ಎದುರುಮನೆಯ ಮಗ್ಗ ಎಳೆ ಕಡಿದು ನಿಂತರೆ, ನಿಂತದ್ದು ತಿಳಿಯುವ ಮೊದಲೇ ಓಡುತ್ತಿತ್ತು. ಈಗ ನಿಂತರೆ ನಾನು ಹಿಡಿದ ಲೋಟವನ್ನು ಹಾಗೇ ಹಿಡಿದುಕೊಂಡಿರುತ್ತೇನೆ. ಮತ್ತೆ ಸದ್ದು ಬಂದ ಮೇಲೆ ಕಾಫಿ ಕುಡಿಯುತ್ತೇನೆ.

ಇದಕ್ಕಿಂತ ಕಷ್ಟವಾದದ್ದು ಬೇರೆ ಇತ್ತು. ಊರಿಗೆ ಬಂದ ಮರುದಿನದಿಂದ ಮಂಗಳಕ್ಕ ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಹಿಡಿದು ಬೀದಿಗೆಲ್ಲ ಕಥೆ ಹೇಳತೊಡಗಿದರು. “ಟೀಚರಮ್ಮ ಇದ್ದಿದ್ಕೆ ಬದುಕ್ ಬಂದ್ವಿ. ಜಾಕೆಟ್ ಹಾಕ್ಸಿದ್ದು ಅವ್ರು. ‘ಕೆಳಗ್ ಕೂತ್ಕೊಳ್ಳಿ’ ಅಂತ ಒಂದ್ ಕೂಗ್ ಹಾಕಿದ್ರು ನೋಡು, ನಾವಲ್ಲ, ಸಮುದ್ರನೇ ಕೂತ್ಬಿಡ್ತು!” ತರಕಾರಿ ಅಂಗಡಿಯಲ್ಲಿ ಜನ ನನಗೆ ಜಾಗ ಬಿಡತೊಡಗಿದರು. ಯಾರೋ ತಮ್ಮ ಕಾಶಿಯಾತ್ರೆಯನ್ನೂ ನಾನೇ ಯೋಜಿಸಿಕೊಡಬೇಕೆಂದು ಕೇಳಿದರು. ಬೈಗುಳಕ್ಕೆ ಉತ್ತರ ಕೊಡಬಹುದು, ಇಲ್ಲವೇ ಬಾಗಿಲು ಹಾಕಿಕೊಳ್ಳಬಹುದು; ಅರ್ಹವಲ್ಲದ ಹೊಗಳಿಕೆ ಮಾತ್ರ ಬಾಗಿಲು ಹಾಕಿದರೂ ಕಿಟಕಿಯಿಂದ ಬರುತ್ತದೆ.

ತಾಳಲಾರದೆ ಒಂದು ಮಧ್ಯಾಹ್ನ ಹೋದೆ. ಮಂಗಳಕ್ಕ ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೊರದಿಂದ ಮೂರು ಕಾಳು ತೆಗೆದು ನೆಲದ ಮೇಲೆ ಸಾಲಾಗಿಟ್ಟು, ಇದು ಸೂರ್ಯ, ಇದು ಚಂದ್ರ, ಇದು ನಾವು ಎಂದು ತೋರಿಸಿದೆ. ಅಮಾವಾಸ್ಯೆಯ ನೀರು ಯಾಕೆ ಹಾಗೆ, ಶೇಖರಣ್ಣ ಬೇಡವೆಂದದ್ದು ಯಾಕೆ, ಅದನ್ನು ನಾನು ಏನೆಂದು ತಿಳಿದೆ, ಎಲ್ಲ ಹೇಳಿದೆ. ಅವರು ಕಾಳುಗಳನ್ನೇ ನೋಡಿದರು.

“ಹಂಗಾದ್ರೆ ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು.”

“ಆ ದೋಣಿಯವ್ರಿಗೂ ಗೊತ್ತಿತ್ತು.”

“ಹೂಂ.”

“ಗೊತ್ತಿಲ್ದಿದ್ದೋರು ನಾವೇಯ.”

ಗಂಗಣ್ಣ ಒಳಗಿನಿಂದ, “ಬಿಡ್ಲೇ ಮಂಗ್ಳಾ, ಅಮಾಸೆನ ಅವ್ರೇನ್ ತಂದ್ರಾ?” ಎಂದು ಮಾತಿನ ಬೆಂಕಿಗೆ ನೀರು ಚಿಮುಕಿಸಿದ. ಮಂಗಳಕ್ಕ ಮೂರೂ ಕಾಳುಗಳನ್ನು ಎತ್ತಿ ಮೊರಕ್ಕೆ ಹಾಕಿಕೊಂಡರು. ಸುಲಿದ ಕಾಳುಗಳ ನಡುವೆ ಸೂರ್ಯ ಯಾವುದು, ಭೂಮಿ ಯಾವುದು ಎಂದು ಆಮೇಲೆ ನನಗೂ ತಿಳಿಯಲಿಲ್ಲ. ಅವತ್ತಿನಿಂದ ಬೀದಿಯಲ್ಲಿ ಆ ಕಥೆ ನಿಂತಿತು. ನನ್ನನ್ನು ಯಾರೂ ಹೊಗಳಲಿಲ್ಲ. ಮಂಗಳಕ್ಕ ನಮ್ಮ ಜಗುಲಿಗೆ ಬರುವುದನ್ನೂ ಬಿಟ್ಟರು. ನಾನು ಬಯಸಿದ್ದು ಇದನ್ನೇ ಅಲ್ಲವೇ ಎಂದು ಕೇಳಿಕೊಂಡೆ.

ಶಿವರಾತ್ರಿ ಕಳೆದ ಮೇಲೆ ಅವರೇ ಬಂದು ಜಗುಲಿಯ ತಮ್ಮ ಜಾಗದಲ್ಲಿ ಕೂತರು. ಕುಶಲ ಕೇಳದೆ ನೇರವಾಗಿ ಹೇಳಿದರು: “ಟೀಚರಮ್ಮ, ಹೋಗಿದ್ದೆಲ್ಲ ಅಳಿಸ್ಹೋಗೈತೆ. ಬಂದಿದ್ದೊಂದೇ ಕಣ್ಣಲ್ ಉಳ್ಕಂಡೈತೆ. ಬುಟ್ಟಾ ಬಂದಾಗ್ಲೆಲ್ಲ ಮುಖ ತಿರುಗಿಸ್ಕಂತೀನಿ. ದಿನಾ ನೇಯೋ ದೋಣಿಗೆ ಹೆದ್ರುಕೊಂಡು ಬದುಕಕ್ ಆಯ್ತದಾ? ಆ ನೀರು ಯಾವತ್ತು ತಣ್ಣಗಿರುತ್ತೆ, ಹೇಳಿ.”

ಸೂರ್ಯ ಒಂದು ಕಡೆಗೂ ಚಂದ್ರ ಅಡ್ಡಕ್ಕೂ ಎಳೆದು, ಒಂದರ ಬಲವನ್ನು ಇನ್ನೊಂದು ತಗ್ಗಿಸುವ ದಿನಗಳು, ಚಂದ್ರ ಅರ್ಧವಾಗಿರುವಾಗ. ಅಷ್ಟಮಿ, ನವಮಿ ಎಂದೆ.

ಮಂಗಳಕ್ಕ ಒಂದು ಕ್ಷಣ ನನ್ನ ಮುಖ ನೋಡಿ, ದೋಣಿಯಿಂದೀಚೆಗೆ ಮೊದಲ ಬಾರಿ ನಕ್ಕರು. ಯಾರು ನಗದೆ ಇರುತ್ತಾರೆ? ಅಷ್ಟಮಿ ನವಮಿಯೆಂದರೆ ನಮ್ಮ ಕಡೆ ಹೊಸ ಚಪ್ಪಲಿ ಕೂಡ ಮೆಟ್ಟುವುದಿಲ್ಲ. ನಾವು ಧೈರ್ಯವಾಗಿ ಹೊರಡುವ ದಿನ ಕಡಲು ಕೆರಳಿರುತ್ತದೆ; ನಾವು ಹೆದರಿ ಬಾಗಿಲು ಹಾಕಿಕೊಳ್ಳುವ ದಿನ ಅದು ಹಸುವಿನಂತೆ ಮಲಗಿರುತ್ತದೆ. ನಮ್ಮ ಪಂಚಾಂಗದಲ್ಲಿ ತಪ್ಪಿಲ್ಲ. ಅದನ್ನು ನೋಡಿಕೊಂಡು ನಡೆಯುವೆನೆಂದು ಕಡಲು ಯಾರಿಗೂ ಮಾತು ಕೊಟ್ಟಿರಲಿಲ್ಲ, ಅಷ್ಟೇ.

ಗಂಗಣ್ಣ ಹೌಹಾರಿದ. “ಅಷ್ಟಮಿ ದಿನ ಹೊರಟು, ನವಮಿ ದಿನ ದೋಣಿನಾ? ಅದೂ ಮಗ್ಗ ನಿಲ್ಲಿಸ್ಬುಟ್ಟು? ಬೀದಿಯೋರ್ ಏನಂತಾರ್ಲೇ?”

“ಬೆರಳ್ ಮುರ್ದಾಗ ಏನಂದ್ರು?” ಎಂದರು ಮಂಗಳಕ್ಕ. ಆಮೇಲೆ ನನ್ನ ಕಡೆ ತಿರುಗಿದರು. “ಫೋನ್ ಹಚ್ಚಿ. ಈ ಸಲ ದೋಣಿಯವ್ರ ಹತ್ರ ನಾನ್ ಮಾತಾಡ್ತೀನಿ. ನೀವ್ ಪಕ್ಕದಲ್ ಕೂತ್ಕಳಿ.”

ಕೂತೆ. ಅವರು ಕೇಳಿದರು: ಗಾಳಿ ಎಷ್ಟೊತ್ತಿಗೆ ಏಳುತ್ತದೆ, ನೀರು ಎಷ್ಟೊತ್ತಿಗೆ ತಿರುಗುತ್ತದೆ, ನಾವು ಎಷ್ಟೊತ್ತಿನೊಳಗೆ ಬರದಿದ್ದರೆ ನೀವು ಹಗ್ಗ ಬಿಚ್ಚುವುದೇ ಇಲ್ಲ. ಕೊನೆಯ ಪ್ರಶ್ನೆಗೆ ಶೇಖರಣ್ಣ ಆ ಕಡೆಯಿಂದ ನಕ್ಕದ್ದು ಕೇಳಿಸಿತು. “ನವಮಿ ಒಳ್ಳೆಯದಾಯ್ತು ಅಮ್ಮ. ಗಾಳಿ ನಾನು ಹಿಂದಿನ ದಿನ ನೋಡಿ ಹೇಳ್ತೇನೆ. ಬೇಡ ಅಂದ್ರೆ ಬೇಡ, ಆಯ್ತಾ?” ಎಂದರು. ಮಂಗಳಕ್ಕ “ಆಯ್ತಪ್ಪ” ಎಂದರು. ಅಷ್ಟಮಿಯ ಕೆಡುಕು ತಟ್ಟದಿರಲೆಂದು ಮಾಡುವ ಲಾಳಿಯ ಪೂಜೆಯನ್ನು ಮನೆಯಲ್ಲೇ ಮುಗಿಸಿ ಬರುವುದೆಂದು ಗಂಗಣ್ಣ ತಾನಾಗಿಯೇ ಒಪ್ಪಿದ.

ಇವತ್ತು ಅಷ್ಟಮಿ. ಶೇಖರಣ್ಣ ಬೆಳಿಗ್ಗೆ ಫೋನು ಮಾಡಿ ಬನ್ನಿ ಎಂದಿದ್ದಾರೆ. ಕೈಚೀಲಕ್ಕೆ ಬಟ್ಟೆ ತುಂಬಿ, ಬಸ್ಸಿಗೆ ಹೊತ್ತಿದೆಯೆಂದು ಇದನ್ನು ಬರೆಯುತ್ತ ಕೂತಿದ್ದೇನೆ. ಬೀದಿಯ ಮಗ್ಗಗಳೆಲ್ಲ ಓಡುತ್ತಿವೆ; ಈ ಸದ್ದಿನಲ್ಲಿ ಯಾವುದು ಯಾರ ಮನೆಯದೆಂದು ಹೊರಗಿನವರಿಗೆ ಗೊತ್ತಾಗದು. ಈಗಷ್ಟೇ ಎದುರುಮನೆಯದು ನಿಂತಿತು. ಎಳೆ ಕಡಿದಿರಬೇಕೆಂದು ಅಭ್ಯಾಸದಂತೆ ಲೋಟ ಹಿಡಿದುಕೊಂಡು ಕಾದೆ. ಕಾಫಿ ಆರಿತು. ಮಗ್ಗ ಮತ್ತೆ ಓಡಲಿಲ್ಲ.

ಬಾಗಿಲಿಗೆ ಬಂದು ನೋಡಿದರೆ, ಮಂಗಳಕ್ಕ ಹೊಸ ಚಪ್ಪಲಿಗೆ ಕಾಲು ತೂರಿಸುತ್ತಿದ್ದಾರೆ.